ರಫ್ ಪುಸ್ತಕದ ನಲವತ್ತೆರಡು

ಶರೀರಕ್ರಿಯಾಶಾಸ್ತ್ರ ಕಲಿಸುವ ಮೇಡಂಗೆ ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು ಎಪ್ಪತ್ತೆರಡು. ‘ಎಪ್ಪತ್ತೆರಡು ಬಂತು’ ಅಂದರೆ ಸಾಕು, ಕಾರಿಡಾರಿನ ಗೋಡೆಗೆ ಒರಗಿ ಹರಟುತ್ತಿದ್ದವರೆಲ್ಲ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಒಳಗೆ ನುಗ್ಗುತ್ತಿದ್ದರು. ಈ ಹೆಸರು ಮೇಡಂಗೆ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದರಲ್ಲಿ ಅವರಿಗೆ ಸಣ್ಣ ಖುಷಿಯೂ ಇತ್ತು. ಆರೋಗ್ಯವಂತ ಮನುಷ್ಯನ ನಾಡಿ ಸುಮ್ಮನೆ ಕೂತಾಗ ನಿಮಿಷಕ್ಕೆ ಎಪ್ಪತ್ತೆರಡು ಸಲ ಬಡಿಯುತ್ತದೆ ಎಂದು ಇಪ್ಪತ್ತಾರು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತ ಬಂದವರು ಅವರು. ಅರವತ್ತರಿಂದ ನೂರರವರೆಗೂ ಇರಬಹುದು ಎಂದು ಬಾಯಲ್ಲಿ ಹೇಳುತ್ತಿದ್ದರು, ಬರೆಯುತ್ತಿದ್ದದ್ದು ಮಾತ್ರ ಎಪ್ಪತ್ತೆರಡನ್ನೇ.

ಪ್ರಯೋಗಾಲಯ ಎರಡನೇ ಮಹಡಿಯಲ್ಲಿತ್ತು. ಕಲ್ಲು ಹಾಸಿದ ಎಂಟು ಮೇಜು, ಒಂದೊಂದಕ್ಕೂ ಎತ್ತರದ ಸ್ಟೂಲುಗಳು, ಗೋಡೆಯುದ್ದಕ್ಕೂ ಗಾಜಿನ ಬೀರು. ರಕ್ತದೊತ್ತಡ ನೋಡುವ ಪೆಟ್ಟಿಗೆಗಳು, ದಾರ ಕಟ್ಟಿದ ಸ್ಟಾಪ್‌ವಾಚುಗಳು, ಮಂಡಿಗೆ ತಟ್ಟುವ ರಬ್ಬರ್ ಸುತ್ತಿಗೆಗಳು, ಒಂದು ಮೂಲೆಯಲ್ಲಿ ಹತ್ತಿ ಇಳಿಯುವ ಪರೀಕ್ಷೆಯ ಮರದ ಮೆಟ್ಟಿಲು. ಇಲ್ಲಿ ಸತ್ತವರನ್ನು ಕೊಯ್ಯುವುದಿಲ್ಲ, ಅದು ಕೆಳಗಿನ ಮಹಡಿಯವರ ಕೆಲಸ. ಇಲ್ಲಿ ಬದುಕಿರುವವರು ಬದುಕಿರುವವರನ್ನೇ ಅಳೆಯುತ್ತಾರೆ. ಇಬ್ಬಿಬ್ಬರ ಜೋಡಿ; ಒಬ್ಬರು ಕೈ ಕೊಡಬೇಕು, ಇನ್ನೊಬ್ಬರು ಎಣಿಸಬೇಕು, ಆಮೇಲೆ ಅದಲುಬದಲು.

ಪ್ರತಿಯೊಬ್ಬರ ಹತ್ತಿರವೂ ಎರಡು ಪುಸ್ತಕ. ಎಣಿಸಿದ್ದನ್ನು ಎಣಿಸಿದ ಹಾಗೇ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುವುದು ರಫ್ ಪುಸ್ತಕದಲ್ಲಿ. ಮೇಡಂ ನೋಡಿ ಸಹಿ ಹಾಕಿದ ಮೇಲೆ ಅದನ್ನು ಮುದ್ದಾದ ಅಕ್ಷರದಲ್ಲಿ ನಕಲು ಮಾಡುವುದು ಫೇರ್ ರೆಕಾರ್ಡಿನಲ್ಲಿ. ಹೊರಗಿನಿಂದ ಬರುವ ಪರೀಕ್ಷಕರು ನೋಡುವುದು ಫೇರ್ ರೆಕಾರ್ಡನ್ನು ಮಾತ್ರ; ನಕಲಾದ ರಫ್ ಪುಸ್ತಕಗಳು ಮೇಡಂ ಬೀರುವಿಗೆ ಸೇರುತ್ತಿದ್ದವು. ರಫ್ ಪುಸ್ತಕದಲ್ಲಿ ಒಪ್ಪದ ಅಂಕಿ ಕಂಡರೆ ಮೇಡಂ ಅದರ ಮೇಲೆ ಕೆಂಪು ಶಾಯಿಯ ಒಂದು ಗೆರೆ ಎಳೆದು ‘ಮತ್ತೆ ಎಣಿಸು’ ಎಂದು ಬರೆಯುತ್ತಿದ್ದರು. ಇದು ಅವರು ಹುಟ್ಟುಹಾಕಿದ್ದಲ್ಲ, ಅವರಿಗೆ ಕಲಿಸಿದವರಿಂದ ಬಂದದ್ದು. ಇದರಲ್ಲಿ ನ್ಯಾಯವೂ ಇತ್ತು. ಹೊಸಬರ ಬೆರಳು ಮಣಿಕಟ್ಟಿನ ಮೇಲೆ ನಿಲ್ಲುವುದಿಲ್ಲ. ಬಡಿತ ತಪ್ಪಿಸಿಕೊಳ್ಳುತ್ತಾರೆ, ಪಕ್ಕದ ಮೇಜಿನ ನಗುವಿಗೆ ಲೆಕ್ಕ ಮರೆಯುತ್ತಾರೆ, ಹೆಬ್ಬೆರಳು ಒತ್ತಿ ತಮ್ಮದೇ ನಾಡಿಯನ್ನು ಎಣಿಸಿಕೊಂಡು ಬರುತ್ತಾರೆ. “ದೇಹ ತಪ್ಪು ಮಾಡಲ್ಲ, ಬೆರಳು ತಪ್ಪು ಮಾಡುತ್ತೆ” ಎನ್ನುವುದು ಮೇಡಂ ಮಾತು. ನೂರಕ್ಕೆ ತೊಂಬತ್ತೊಂಬತ್ತು ಸಲ ಆ ಮಾತು ಸರಿ. ಉಳಿದ ಒಂದು ಸಲ ಏನಾಗುತ್ತದೆ ಎಂದು ಅವರು ಯೋಚಿಸಿರಲಿಲ್ಲ, ಯೋಚಿಸುವ ಹಾಗೆ ಯಾರೂ ಕೇಳಿಯೂ ಇರಲಿಲ್ಲ.

ಕೇಳಿದವರೆಂದರೆ ಪ್ರಯೋಗಾಲಯದ ಅಟೆಂಡರ್ ಒಬ್ಬರೇ. ಮೇಡಂಗಿಂತ ಹಳಬರು, ಎಲ್ಲರ ಬಾಯಲ್ಲೂ ಲ್ಯಾಬಣ್ಣ. “ನಮ್ಮ ಲ್ಯಾಬಲ್ಲಿ ಈ ಮೇಜಿನ ಕಾಲು ಹಿಡಿದು ಎಣಿಸಿದ್ರೂ ಎಪ್ಪತ್ತೆರಡೇ ಬರುತ್ತೆ ಬಿಡಿ ಮೇಡಂ,” ಎಂದು ಒಮ್ಮೆ ಸ್ಟಾಪ್‌ವಾಚು ಒರೆಸುತ್ತ ಅಂದಿದ್ದರು. ಮೇಡಂ ಮನಸಾರೆ ನಕ್ಕಿದ್ದರು. ಹೇಳಿದವರು ಅಟೆಂಡರ್ ಆದ್ದರಿಂದ ಅದು ತಮಾಷೆ ಎನಿಸಿತು.

ಆ ವರ್ಷ ಆರನೇ ಮೇಜಿಗೆ ಬಂದ ಒಂದು ಜೋಡಿ ಗುಬ್ಬಿ ಮತ್ತು ಆಮೆ. ಈ ಹೆಸರುಗಳೂ ತರಗತಿಯವರದೇ ಕೃಪೆ. ಗುಬ್ಬಿ ಸಣ್ಣ ಮೈಕಟ್ಟಿನ, ಕೂತಲ್ಲಿ ಕೂರದ ಹುಡುಗಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುವವಳು. ಆಮೆ ಒಬ್ಬ ಬಸ್ ಕಂಡಕ್ಟರಮ್ಮನ ಒಬ್ಬಳೇ ಮಗಳು. ಎರಡು ಮಹಡಿ ಹತ್ತುವಷ್ಟರಲ್ಲಿ ಮೂರು ಕಡೆ ನಿಂತು, ಕಿಟಕಿಯಾಚೆ ಏನೋ ನೋಡುವವಳಂತೆ ನಟಿಸಿ, ಎಲ್ಲರಿಗಿಂತ ಕೊನೆಗೆ ಬರುತ್ತಿದ್ದಳು. “ಮಹಾರಾಣಿಯವರು ದಯಮಾಡಿಸಿದ್ರಾ?” ಎಂದು ಮೇಡಂ ಚುಚ್ಚಿದರೆ ಅವಳಿಗೆ ಬೇಜಾರಾಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಉಸಿರು ಎಳೆದುಕೊಂಡು, “ಮೆಟ್ಟಿಲು ಜಾಸ್ತಿ ಮಾಡಿದ್ದಾರೆ ಮೇಡಂ, ನಿನ್ನೆ ಇಷ್ಟು ಇರ್ಲಿಲ್ಲ” ಅನ್ನುತ್ತಿದ್ದಳು. ಮೇಡಂಗೂ ನಗು ಬಂದುಬಿಡುತ್ತಿತ್ತು.

ನಾಡಿ ಎಣಿಸುವ ದಿನ ಗುಬ್ಬಿ ಆಮೆಯ ಕೈ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸಿದಳು. ನಲವತ್ತೆರಡು. ಇನ್ನೊಮ್ಮೆ ಎಣಿಸಿದಳು, ನಲವತ್ತೊಂದು. ಮೂರನೇ ಸಲ ಮತ್ತೆ ನಲವತ್ತೆರಡು. ಮೂರನ್ನೂ ಬರೆದುಕೊಂಡು ಮೇಡಂ ಮುಂದೆ ಪುಸ್ತಕ ಇಟ್ಟಳು. ಅವಳ ಹಿಂದೆ ಹನ್ನೊಂದು ಜನ ಸಾಲಿನಲ್ಲಿದ್ದರು, ಗಂಟೆ ಹೊಡೆಯಲು ಕಾಲು ಗಂಟೆ ಇತ್ತು.

“ಏನಿದು? ನಿದ್ದೆ ಮಾಡ್ತಿದ್ದಾಳಾ ಅವಳು?”

“ಇಲ್ಲ ಮೇಡಂ, ಕೂತಿದ್ದಾಳೆ. ಮೂರು ಸಲಾನೂ ಹಾಗೇ ಬಂತು.”

“ಮೂರು ಸಲ ತಪ್ಪು ಎಣಿಸಿದ್ರೆ ಮೂರು ಸಲಾನೂ ತಪ್ಪೇ ಬರುತ್ತೆ. ಒಂದು ಬಿಟ್ಟು ಒಂದು ಹಿಡೀತಿದ್ದೀಯ ನೀನು. ಮನಸ್ಸು ಎಲ್ಲಿಟ್ಟಿರ್ತೀಯೋ! ಹೋಗು, ಸರಿಯಾಗಿ ಎಣಿಸ್ಕೊಂಡು ಬಾ.”

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಮೇಡಂ ಮೂರು ಅಂಕಿಗೂ ಸೇರಿಸಿ ಒಂದೇ ಗೆರೆ ಎಳೆದರು. ಆರನೇ ಮೇಜು ಅವರ ಕುರ್ಚಿಯಿಂದ ಹತ್ತು ಹೆಜ್ಜೆ ದೂರವಿತ್ತು. ಆಮೆ ಅಲ್ಲಿಂದ ಕೈ ಎತ್ತಿ, ‘ನನ್ನದೇನೂ ತಪ್ಪಿಲ್ಲ’ ಎನ್ನುವ ಹಾಗೆ ಅಂಗೈ ತೋರಿಸಿ ನಕ್ಕಳು. ಮೇಡಂ ಮುಂದಿನವರ ಪುಸ್ತಕ ತೆಗೆದುಕೊಂಡರು.

ಹತ್ತು ನಿಮಿಷದ ಮೇಲೆ ಗುಬ್ಬಿ ಮತ್ತೆ ಬಂದಳು. ಪುಸ್ತಕದಲ್ಲಿ ಎಪ್ಪತ್ತಾರು ಇತ್ತು.

“ನೋಡಿದ್ಯಾ? ಗಮನ ಇಟ್ರೆ ಬರುತ್ತೆ,” ಎಂದು ಮೇಡಂ ಸಹಿ ಹಾಕಿದರು.

ಎರಡೂವರೆ ತಿಂಗಳ ಮೇಲೆ ಹತ್ತಿ ಇಳಿಯುವ ಪರೀಕ್ಷೆ ಬಂತು. ಒಂದೂವರೆ ಅಡಿ ಎತ್ತರದ ಮರದ ಮೆಟ್ಟಿಲನ್ನು ತಾಳಯಂತ್ರದ ಟಿಕ್ ಟಿಕ್ ಸದ್ದಿಗೆ ಸರಿಯಾಗಿ ಹತ್ತುತ್ತ ಇಳಿಯುತ್ತ ಐದು ನಿಮಿಷ ಕಳೆಯಬೇಕು. ಆಮೇಲೆ ನಾಡಿ ಎಷ್ಟು ಹೊತ್ತಿಗೆ ಮೊದಲಿನ ಲೆಕ್ಕಕ್ಕೆ ಬರುತ್ತದೆ ಎಂದು ನೋಡಬೇಕು. ನಾಡಿ ಐವತ್ತಕ್ಕಿಂತ ಕಡಿಮೆ ಇದ್ದವರು, ನೂರಕ್ಕಿಂತ ಹೆಚ್ಚು ಇದ್ದವರು ಮೆಟ್ಟಿಲು ಹತ್ತಕೂಡದು ಎಂದು ಗೋಡೆಯ ಮೇಲೆ ಮೇಡಂ ಕೈಬರಹದಲ್ಲೇ ಬರೆದು ಅಂಟಿಸಿತ್ತು. ಆವತ್ತೇ ಹೊಸದಾಗಿ ಎಣಿಸಬೇಕು ಎಂದು ನಿಯಮ. ಮೂವತ್ತೆರಡು ಜನರ ತರಗತಿಯಲ್ಲಿ ಅಷ್ಟು ಪುರುಸೊತ್ತು ಎಲ್ಲಿಂದ ತರುವುದು? ಫೇರ್ ರೆಕಾರ್ಡು ತೆರೆದು ಹಳೆಯ ಅಂಕಿಯನ್ನೇ ಬರೆದುಕೊಳ್ಳುವುದು ರೂಢಿಯಾಗಿತ್ತು. ಗುಬ್ಬಿಯ ರೆಕಾರ್ಡಿನಲ್ಲಿ ಆಮೆಯ ಪುಟದಲ್ಲಿ ಎಪ್ಪತ್ತಾರು ಇತ್ತು, ಕೆಳಗೆ ಮೇಡಂ ಸಹಿ ಇತ್ತು.

“ನನ್ನನ್ನ ಬಿಟ್ಬಿಡಿ ಮೇಡಂ, ಮೆಟ್ಟಿಲಿಗೂ ನನಗೂ ಆಗಿಬರಲ್ಲ,” ಎಂದಳು ಆಮೆ.

“ಸೋಮಾರಿತನಕ್ಕೆ ಇದೇ ಔಷಧಿ. ಹತ್ತು.”

ಹತ್ತಿದಳು. ಮೊದಲ ನಿಮಿಷ ನಗುತ್ತಲೇ ಹತ್ತಿ ಇಳಿದಳು. ಎರಡನೇ ನಿಮಿಷದಲ್ಲಿ ನಗು ನಿಂತಿತು. ಮೂರನೆಯದರ ನಡುವೆ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಏನೋ ಮರೆತವಳಂತೆ ಗುಬ್ಬಿಯ ಕಡೆ ನೋಡಿ, ಹಾಗೆಯೇ ಪಕ್ಕಕ್ಕೆ ಬಿದ್ದಳು. ನಾಟಕ ಅಂದುಕೊಂಡು ಇಬ್ಬರು ಚಪ್ಪಾಳೆ ತಟ್ಟಿದರು.

ಮೇಡಂ ಓಡಿಬಂದು ಕತ್ತಿನ ಪಕ್ಕ ಎರಡು ಬೆರಳಿಟ್ಟರು. ಒಂದು ಬಡಿತ ಸಿಕ್ಕಿತು. ಇನ್ನೊಂದಕ್ಕೆ ಕಾದರು. ತಮ್ಮ ಬೆರಳೇ ತಪ್ಪಿತೇನೋ ಎಂದು ಜಾಗ ಬದಲಿಸಿ ಮತ್ತೆ ಇಟ್ಟರು. ಏನೂ ಬರಲಿಲ್ಲ. ಮಂಡಿಯೂರಿ ಹುಡುಗಿಯ ಎದೆಯ ನಡುವೆ ಎರಡೂ ಕೈಯಿಟ್ಟು ಒತ್ತತೊಡಗಿದರು. ಯಾರೋ ಅಳುತ್ತ ತಾಳಯಂತ್ರ ನಿಲ್ಲಿಸಲು ಹೋದಾಗ, “ಮುಟ್ಟಬೇಡ ಅದನ್ನ!” ಎಂದು ಕೂಗಿದರು. ಲ್ಯಾಬಣ್ಣ ಕೆಳಗೆ ಓಡಿ ಆಂಬ್ಯುಲೆನ್ಸ್ ಕರೆದು, ಅವರನ್ನು ಮೇಲೆ ಕರೆತರುವವರೆಗೆ, ಹದಿನಾಲ್ಕು ನಿಮಿಷ, ಮೇಡಂ ಆ ಟಿಕ್ ಟಿಕ್ ಹಿಡಿದು ಒತ್ತುತ್ತಲೇ ಇದ್ದರು. ಅವರು ಆ ಹೊತ್ತು ಮಾಡಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು ಹೇಳಿದ್ದು ಮೇಡಂಗೆ ಹೊಸದೇನಲ್ಲ, ಪ್ರತಿ ವರ್ಷ ಅವರೇ ಪಾಠ ಮಾಡುವ ವಿಷಯ. ಹೃದಯದ ಮೇಲಿನ ಕೋಣೆಯಿಂದ ಹೊರಟ ಅಪ್ಪಣೆ ಕೆಳಗಿನ ಕೋಣೆಗೆ ತಲುಪಬೇಕು. ಈ ಹುಡುಗಿಗೆ ಹುಟ್ಟಿದಾಗಿನಿಂದ ಆ ದಾರಿ ಮುಚ್ಚಿಹೋಗಿತ್ತು. ಕೆಳಗಿನ ಕೋಣೆ ಯಾರ ಅಪ್ಪಣೆಯೂ ಇಲ್ಲದೆ, ತನ್ನಷ್ಟಕ್ಕೆ ತಾನು, ನಿಧಾನವಾಗಿ ಬಡಿದುಕೊಂಡು ಅವಳನ್ನು ಹದಿನೆಂಟು ವರ್ಷ ತಂದಿತ್ತು. “ಮೊದಲೇ ಎದೆಯಲ್ಲಿ ಒಂದು ಸಣ್ಣ ಯಂತ್ರ ಕೂರಿಸಿದ್ದಿದ್ರೆ ಅಜ್ಜಿ ಆಗೋವರೆಗೂ ಬದುಕ್ತಿದ್ಳು,” ಎಂದರು ಡಾಕ್ಟರು. “ಯಾರಾದ್ರೂ ಒಬ್ಬರು ಒಂದೇ ಒಂದು ಸಲ ನಾಡಿ ಎಣಿಸಿದ್ರೆ ಸಾಕಾಗಿತ್ತು.” ಎಚ್ಚರ ಬರದೆಯೇ ನಾಲ್ಕನೇ ದಿನ ಬೆಳಿಗ್ಗೆ ಆಮೆ ಹೋಗಿಬಿಟ್ಟಳು.

ಪ್ರಾಂಶುಪಾಲರು ಕೆಟ್ಟವರಲ್ಲ. ಕಾಲೇಜಿನ ಹೆಸರಿಗೆ ಮಸಿ ಹತ್ತದಂತೆ ಕಾಯುವುದೇ ತಮ್ಮ ಕೆಲಸ ಎಂದು ನಂಬಿದ್ದವರು, ಅಷ್ಟೇ. ಮೇಡಂರನ್ನು ಕರೆಸಿ ಬಾಗಿಲು ಮುಂದೆ ಮಾಡಿದರು. ಮೇಜಿನ ಮೇಲೆ ಗುಬ್ಬಿಯ ಫೇರ್ ರೆಕಾರ್ಡು ಇತ್ತು, ಆಮೆಯ ಹೆಸರಿನ ಪುಟ ತೆರೆದಿತ್ತು.

“ಎಪ್ಪತ್ತಾರು ಅಂತ ಎಣಿಸಿದ ಹುಡುಗಿ ಕೈಬರಹದಲ್ಲೇ ಇದೆ. ಸುಳ್ಳು ದಾಖಲೆ. ಶುಕ್ರವಾರ ವಿಚಾರಣೆ. ಅವಳನ್ನ ವಿಶ್ವವಿದ್ಯಾಲಯದಿಂದಲೇ ತೆಗೀಬೇಕಾಗುತ್ತೆ, ಬೇರೆ ದಾರಿ ಇಲ್ಲ. ಈಗ ಅವಳು ಹೇಳ್ತಾಳೆ, ಮೊದಲು ಸರಿಯಾಗೇ ಬರೆದಿದ್ದೆ, ರಫ್ ಪುಸ್ತಕದಲ್ಲಿದೆ ಅಂತ. ಎಲ್ಲಿವೆ ಆ ಪುಸ್ತಕಗಳು?”

“ನನ್ನ ಬೀರುವಿನಲ್ಲಿ.”

“ಬೀರು ತುಂಬಿದಾಗ ರದ್ದಿಗೆ ಹಾಕ್ತೀರಲ್ಲ ನೀವು. ಈ ಸಲ ಇನ್ನೂ ಹಾಕ್ಲಿಲ್ವಾ?” ಎಂದು ಕೇಳಿ ಪ್ರಾಂಶುಪಾಲರು ಕಿಟಕಿಯ ಕಡೆ ತಿರುಗಿದರು.

ಅದು ಪ್ರಶ್ನೆಯಲ್ಲ, ತೋರಿಸಿದ ದಾರಿ. ಮೇಡಂಗೆ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ನೂರಾರು ನರ್ಸುಗಳು, ಡಾಕ್ಟರುಗಳು, ಮೇಷ್ಟ್ರುಗಳು ‘ನಮಗೆ ಕಲಿಸಿದವರು’ ಎಂದು ಎದ್ದು ನಿಲ್ಲುವ ಹೆಸರು ಅವರದು. ಆ ಹೆಸರು ಉಳಿಯಬೇಕಾದರೆ ಹದಿನೆಂಟು ವರ್ಷದ ಹುಡುಗಿಯೊಬ್ಬಳ ತಲೆ ಮೇಲೆ ಗೂಬೆ ಕೂರಿಸಬೇಕು, ಅದೂ ಗೆಳತಿಯನ್ನು ಕೊಂದವಳು ಎಂಬ ಗೂಬೆ. ಅವರು “ನೋಡ್ತೀನಿ ಸರ್” ಎಂದು ಎದ್ದು ಬಂದರು. ಹಾಗೆ ಅಂದದ್ದಕ್ಕೆ ಮೆಟ್ಟಿಲಿಳಿಯುವಾಗಲೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

ಪ್ರಯೋಗಾಲಯದ ಬಾಗಿಲಲ್ಲಿ ಗುಬ್ಬಿ ಕಾಯುತ್ತಿದ್ದಳು. ಆಮೆ ಹೋದ ಮೂರು ದಿನದಲ್ಲಿ ಅವಳ ಮುಖ ಇಳಿದುಹೋಗಿತ್ತು.

“ಮೇಡಂ, ನಾಲ್ಕನೇ ಸಲಾನೂ ನಲವತ್ತೆರಡೇ ಬಂತು,” ಎಂದಳು. “ಮತ್ತೆ ನಿಮ್ಮ ಹತ್ರ ಅದನ್ನೇ ತರೋಕೆ ಭಯ ಆಯ್ತು. ಎಲ್ಲರೂ ನಗ್ತಿದ್ರು. ನನ್ನ ಕೈ ನಾನೇ ಹಿಡ್ಕೊಂಡು ಎಣಿಸಿದೆ. ಎಪ್ಪತ್ತಾರು ಬಂತು. ಅದನ್ನ ಅವಳದ್ದು ಅಂತ ಬರೆದೆ. ಅವಳೂ ‘ಬರಿ ಬರಿ, ನಿಂದೂ ನಂದೂ ಬೇರೇನಾ’ ಅಂದ್ಳು.”

ಮೇಡಂ ಬೀಗದ ಕೈ ಹುಡುಕುತ್ತಿದ್ದರು, ಅದು ಅವರ ಕೈಯಲ್ಲೇ ಇತ್ತು.

“ನಿಮ್ಮದು ತಪ್ಪು ಅನ್ನೋಕೆ ಬಂದಿಲ್ಲ ಮೇಡಂ. ನಾನು ಸುಳ್ಳು ಬರೆದಿದ್ದು ನಿಜ. ಆದ್ರೆ ಮೊದಲು ನಿಜ ಬರೆದಿದ್ದೆ ಅಂತ ಯಾರಾದ್ರೂ ಒಬ್ಬರು ನಂಬಬೇಕು. ಅಪ್ಪಾನೂ ನಂಬ್ತಿಲ್ಲ.”

“ಹೋಗು, ಕ್ಲಾಸಿಗೆ ಹೋಗು,” ಎಂದರು ಮೇಡಂ.

ಅವಳು ಹೋದ ಮೇಲೆ ಬೀರು ತೆರೆದರು. ಮೂರು ವರ್ಷದ ರಫ್ ಪುಸ್ತಕಗಳು, ತೊಂಬತ್ತಕ್ಕೂ ಹೆಚ್ಚು. ಗುಬ್ಬಿಯದು ಮೇಲೆಯೇ ಸಿಕ್ಕಿತು. ಪೆನ್ಸಿಲ್ಲಿನ ಮೂರು ಅಂಕಿ, ಅವುಗಳ ಮೇಲೆ ತಮ್ಮದೇ ಕೆಂಪು ಗೆರೆ. ಗೆರೆ ಎಳೆದರೂ ಅಂಕಿ ಅಳಿಸಿರಲಿಲ್ಲ, ನಿಚ್ಚಳವಾಗಿ ಓದಬಹುದಿತ್ತು. ಆ ಒಂದನ್ನು ತೆಗೆದು ಬೀರು ಮುಚ್ಚಬೇಕೆಂದಿದ್ದವರು ಕೆಳಗಿನ ಪುಸ್ತಕವನ್ನೂ ತೆರೆದರು. ಅದರಲ್ಲಿ ಒಬ್ಬ ಹುಡುಗನ ನಾಡಿ ನೂರಾ ಹದಿನೆಂಟು, ಗೆರೆ, ಮತ್ತೆ ಎಣಿಸು, ಎಪ್ಪತ್ತೆಂಟು. ಇನ್ನೊಂದರಲ್ಲಿ ‘ನಡುವೆ ನಡುವೆ ಒಂದು ಬಡಿತ ಬರುವುದಿಲ್ಲ’ ಎಂದು ಯಾರೋ ಪಾಪ ಅಂಚಿನಲ್ಲಿ ಬರೆದಿದ್ದರು. ಅದಕ್ಕೂ ಗೆರೆ. ಒಂದರಲ್ಲಿ ಬಲಗೈಗೂ ಎಡಗೈಗೂ ರಕ್ತದೊತ್ತಡ ಮೂವತ್ತರಷ್ಟು ಬೇರೆ. ಗೆರೆ. ಮೇಡಂ ಸ್ಟೂಲು ಎಳೆದುಕೊಂಡು ಕೂತು ಮುಂದಿನದನ್ನು ತೆರೆದರು.

ಲ್ಯಾಬಣ್ಣ ಒಳಗೆ ಬಂದವರು ಏನನ್ನೂ ಕೇಳದೆ ಮೇಲಿನ ಅಟ್ಟದ ಕಟ್ಟುಗಳನ್ನು ಇಳಿಸಿ ಕೊಡತೊಡಗಿದರು.

“ಲ್ಯಾಬಣ್ಣ, ಇದಕ್ಕೂ ಹಿಂದಿನವು?”

“ರದ್ದಿಗೆ ಹೋದ್ವಲ್ಲ ಮೇಡಂ. ನಾನೇ ಕಟ್ಟು ಕಟ್ಟಿ ಕೊಟ್ಟೆ.” ಕೈಯಲ್ಲಿದ್ದ ಕಟ್ಟನ್ನು ಮೇಜಿನ ಮೇಲಿಟ್ಟು, “ನಾನೂ ಕೆಂಪು ಗೆರೆ ನೋಡ್ತಿದ್ದೆ ಮೇಡಂ. ತಮಾಷೆ ಮಾಡಿ ಕೈ ತೊಳ್ಕೊಂಡೆ,” ಎಂದರು.

ಸಂಜೆ ಮೇಡಂ ಮನೆಗೆ ಹೋದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಮೇಡಂಗೆ ಮನೆಯವರು ಅಂತ ಇದ್ದದ್ದು ಈ ಅಕ್ಕ ಒಬ್ಬರೇ. ನಲವತ್ತು ವರ್ಷದಿಂದ ಟೈಲರ್, ನಾಲಿಗೆಯೂ ಕತ್ತರಿಯಷ್ಟೇ ಹರಿತ. ಮೇಡಂ ಚೀಲ ಇಳಿಸಿ ನಿಂತಲ್ಲೇ ಎಲ್ಲವನ್ನೂ ಹೇಳಿದರು, ಪ್ರಾಂಶುಪಾಲರ ಕಿಟಕಿಯನ್ನೂ ಬಿಡದೆ. ಅಕ್ಕ ದಾರ ಕಡಿದು ಕನ್ನಡಕ ತೆಗೆದಿಟ್ಟರು.

“ನನ್ನ ಹತ್ರ ಬರೋರಲ್ಲಿ ಅರ್ಧ ಜನಕ್ಕೆ ಒಂದು ಭುಜ ಮೇಲೆ, ಒಂದು ಭುಜ ಕೆಳಗೆ ಕಣೇ. ಟೇಪು ಹಿಡಿದಾಗ ಎಷ್ಟು ಬಂತೋ ಅಷ್ಟಕ್ಕೇ ಕತ್ತರಿಸ್ತೀನಿ. ‘ಮತ್ತೆ ಅಳತೆ ಕೊಡಿ, ನಿಮ್ಮ ಭುಜ ಸರಿಯಿಲ್ಲ’ ಅಂತ ನಾನು ಅಂದಿದ್ರೆ ಊರೋರು ನನ್ನ ಯಂತ್ರ ಎತ್ತಿ ಬೀದಿಗೆ ಹಾಕ್ತಿದ್ರು. ನೀನು ಇಷ್ಟು ಓದಿ...” ತಂಗಿಯ ಮುಖ ನೋಡಿ ದನಿ ತಗ್ಗಿಸಿದರು. “ಆ ಮಗೂನ ಕಾಲೇಜಿಂದ ಆಚೆ ಹಾಕಿಸಿ ನೀನು ನಿವೃತ್ತಿ ತಗೊಂಡು ಬಂದ್ರೆ, ಈ ಮನೇಲಿ ನಿನಗೆ ಊಟ ಬಡಿಸ್ತೀನಿ. ಮಾತಾಡ್ಸಲ್ಲ.”

ಮೇಡಂ ಅತ್ತರು. ಚಿಕ್ಕವರಿದ್ದಾಗ ಬಿಟ್ಟರೆ ಅಕ್ಕನ ಮುಂದೆ ಅವರು ಅತ್ತದ್ದು ಅದೇ ಮೊದಲು.

ಶುಕ್ರವಾರ ವಿಚಾರಣೆಯ ಕೋಣೆಯಲ್ಲಿ ಮೂವರಿದ್ದರು: ಪ್ರಾಂಶುಪಾಲರು, ವಿಶ್ವವಿದ್ಯಾಲಯದ ಅಧಿಕಾರಿ, ಆಸ್ಪತ್ರೆಯ ಹೃದಯದ ಡಾಕ್ಟರು. ಗೋಡೆಯ ಪಕ್ಕದ ಬೆಂಚಿನಲ್ಲಿ ಗುಬ್ಬಿ, ಅವಳ ಪಕ್ಕ ನೆಲ ನೋಡುತ್ತ ಕೂತ ಅಪ್ಪ. ಮೇಡಂ ಹಿಂದೆ ಲ್ಯಾಬಣ್ಣ ಎರಡು ರಟ್ಟಿನ ಪೆಟ್ಟಿಗೆ ಹೊತ್ತು ಬಂದು ನೆಲಕ್ಕಿಟ್ಟರು. ಪ್ರಾಂಶುಪಾಲರು ಪೆಟ್ಟಿಗೆ ನೋಡಿ ಕಣ್ಣು ಮುಚ್ಚಿಕೊಂಡರು.

ಮೇಡಂ ರಫ್ ಪುಸ್ತಕ ತೆರೆದು ಡಾಕ್ಟರ ಮುಂದಿಟ್ಟರು.

“ಈ ಹುಡುಗಿ ಮೂರು ಸಲ ಎಣಿಸಿದ್ದಾಳೆ, ಮೂರು ಸಲಾನೂ ಸರಿಯಾಗಿ. ಗೆರೆ ಎಳೆದದ್ದು ನಾನು. ಹತ್ತು ಹೆಜ್ಜೆ ಎದ್ದು ಹೋಗಿ ನೋಡ್ಲಿಲ್ಲ. ಎಪ್ಪತ್ತಾರು ಬರೆಯೋಕೆ ಕಲಿಸಿದವಳೂ ನಾನೇ. ಒಂದೇ ದಿನದಲ್ಲಿ ಅಲ್ಲ, ಇಪ್ಪತ್ತಾರು ವರ್ಷದಿಂದ.”

ಅಧಿಕಾರಿ ಕೆಮ್ಮಿದರು. “ರಫ್ ಪುಸ್ತಕ ಅಧಿಕೃತ ದಾಖಲೆ ಅಲ್ಲ ಅಂತ...”

“ಇದರಲ್ಲೇ ನಿಜ ಇರೋದು ಸರ್,” ಎಂದರು ಮೇಡಂ. “ಉಳಿದ ಪುಸ್ತಕಾನೂ ತಂದಿದ್ದೀನಿ. ಒಟ್ಟು ಅರವತ್ತೆಂಟು ಕಡೆ ಗೆರೆ ಎಳೆದಿದ್ದೀನಿ. ಅದರಲ್ಲಿ ಒಂಬತ್ತು ಜನರ ಅಂಕಿ ನೋಡಿದ್ರೆ ನನಗೆ ಭಯ ಆಗುತ್ತೆ. ಪಟ್ಟಿ ಮಾಡಿದ್ದೀನಿ. ಅವರನ್ನ ಈ ವಾರವೇ ಕರೆಸಿ ಪರೀಕ್ಷೆ ಮಾಡಿಸಿ. ನನ್ನ ವಿಷಯ ಆಮೇಲೆ ತೀರ್ಮಾನ ಮಾಡಿದ್ರಾಯ್ತು.”

ಡಾಕ್ಟರು ಪಟ್ಟಿ ತೆಗೆದುಕೊಂಡು ಓದಿದರು. ಮೂರನೇ ಸಾಲಿನಲ್ಲಿ ಅವರ ಹುಬ್ಬು ಗಂಟಿಕ್ಕಿತು. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು, “ಇವರನ್ನ ಇವತ್ತೇ ಕರೆಸ್ತೀನಿ” ಎಂದರು. ಬೆಂಚಿನ ಮೇಲೆ ಗುಬ್ಬಿಯ ಅಪ್ಪ ಮಗಳ ಕಡೆ ತಿರುಗಿ ನೋಡಿದ. ಅವಳ ತಲೆಯ ಮೇಲೆ ಕೈಯಿಟ್ಟ.

ಗುಬ್ಬಿಗೆ ಎಚ್ಚರಿಕೆ ಕೊಟ್ಟು ಓದು ಮುಂದುವರಿಸಲು ಬಿಟ್ಟರು. ಮೇಡಂರನ್ನು ಪಾಠದಿಂದ ತೆಗೆದರು. ಪ್ರಾಂಶುಪಾಲರು ಆದೇಶ ಕೊಡುವಾಗ, “ಒಂದು ಪುಸ್ತಕ ತಂದಿದ್ರೆ ಸಾಕಾಗಿತ್ತಲ್ಲ ಮೇಡಂ, ಪೆಟ್ಟಿಗೆ ಪೆಟ್ಟಿಗೆ ಯಾಕೆ ತಂದ್ರಿ?” ಎಂದರು. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಮರುವಾರ ಆಮೆಯ ತಾಯಿಯಿಂದ ಲ್ಯಾಬಣ್ಣನ ಮೂಲಕ ಕರೆ ಬಂತು. ನಲವತ್ತೆರಡು ಎಣಿಸಿದ ಹುಡುಗಿಯನ್ನು ಒಮ್ಮೆ ಕಳಿಸಿ ಎಂದಿದ್ದರು. ಮೇಡಂರನ್ನು ಕರೆದಿರಲಿಲ್ಲ. ಗುಬ್ಬಿ ಒಬ್ಬಳೇ ಹೋಗಲು ಹೆದರಿದಳು. ಮೇಡಂಗೆ ಹೋಗದೆ ಇರಲು ಆಗಲಿಲ್ಲ.

ಎರಡು ಕೋಣೆಯ ಮನೆ. ಮೊಳೆಗೆ ಕಂಡಕ್ಟರಿನ ಖಾಕಿ ಅಂಗಿ, ಅದರ ಪಕ್ಕ ಒಗೆದು ಇಸ್ತ್ರಿ ಮಾಡಿದ ಬಿಳಿ ಕೋಟು. ಕಂಡಕ್ಟರಮ್ಮ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ವರ್ಷಗಟ್ಟಲೆ ನಿಂತೇ ದುಡಿದ ಕಾಲುಗಳು ಊದಿಕೊಂಡಿದ್ದವು.

“ಬಾರಮ್ಮ, ಕೂತ್ಕೋ,” ಎಂದು ಗುಬ್ಬಿಗೆ ಹೇಳಿದರು. ಮೇಡಂಗೆ ಹೇಳಲಿಲ್ಲ.

ಮೇಡಂ ಬಾಗಿಲ ಹತ್ತಿರವೇ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ತೆಗೆದರು. “ನಾನು ಹೇಳೋಕೆ ಬಂದದ್ದು...”

“ಗೊತ್ತು. ಡಾಕ್ಟ್ರು ಹೇಳಿದ್ರು. ನಿಮ್ಮ ಮಾತು ಈಗ ಬೇಡ.”

ಕಂಡಕ್ಟರಮ್ಮ ಗುಬ್ಬಿಯ ಕಡೆ ತಿರುಗಿದರು.

“ಹದಿನೆಂಟು ವರ್ಷ ಸಾಕಿದೆ. ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ತಿದ್ದೆ. ಕೈ ಹಿಡಿದು ಎಣಿಸಬೇಕು ಅಂತ ನನಗೆ ಯಾರು ಹೇಳಿದ್ರು? ಮೆಟ್ಟಿಲಲ್ಲಿ ನಿಂತ್ರೆ ಸೋಮಾರಿ ಅಂತ ಬೈದೆ. ಬಿದ್ದ ದಿನಾನೂ ಬೈದೇ ಕಳಿಸಿದ್ದೆ. ಅವಳ ಎದೆ ಹೆಂಗೆ ಬಡ್ಕೊತಿತ್ತು ಅಂತ ಸರಿಯಾಗಿ ಕೇಳಿಸ್ಕೊಂಡವಳು ನೀನೊಬ್ಬಳೇ ಕಣಮ್ಮ. ಹೆಂಗಿತ್ತು, ಹೇಳು.”

ಗುಬ್ಬಿ ತನ್ನ ಎರಡು ಬೆರಳು ನೋಡಿಕೊಂಡಳು. “ನಿಧಾನ ಇತ್ತು ಅಮ್ಮಾ. ಆದ್ರೆ ಸೋತಿದ್ದ ಹಾಗೆ ಇರ್ಲಿಲ್ಲ. ಒಂದೊಂದೂ ಗಟ್ಟಿಯಾಗಿ, ನನ್ನ ಬೆರಳನ್ನೇ ಮೇಲೆತ್ತೋ ಹಾಗೆ ಬರ್ತಿತ್ತು. ಒಂದು ಬಂದ ಮೇಲೆ ಇನ್ನೊಂದು ಬರುತ್ತೋ ಇಲ್ವೋ ಅನ್ನಿಸೋದು. ಆಮೇಲೆ ಬರೋದು. ನಾನು ಎಣಿಸ್ತಿದ್ರೆ ಅವಳು ಕಚಗುಳಿ ಆಗುತ್ತೆ ಅಂತ ನಗ್ತಿದ್ಳು.”

“ಇಲ್ಲಿ ತಟ್ಟಿ ತೋರ್ಸು.” ಕಂಡಕ್ಟರಮ್ಮ ಅಂಗೈ ಚಾಚಿದರು.

ಗುಬ್ಬಿ ಕಣ್ಣು ಮುಚ್ಚಿ, ನೆನಪು ಮಾಡಿಕೊಂಡು, ಎರಡು ಬೆರಳಿನಿಂದ ಆ ಅಂಗೈಯ ಮೇಲೆ ತಟ್ಟಿದಳು. ನಿಲ್ಲಿಸಿದಳು. ಮತ್ತೆ ತಟ್ಟಿದಳು. ಮೊದಲು ತಡವರಿಸಿದ ಬೆರಳು ಆಮೇಲೆ ತನ್ನ ಲೆಕ್ಕಕ್ಕೆ ಬಂತು. ಕಂಡಕ್ಟರಮ್ಮ ತುಟಿ ಕಚ್ಚಿಕೊಂಡು ಕೇಳುತ್ತಿದ್ದರು, ಕೆನ್ನೆಯ ಮೇಲಿನ ನೀರು ಒರೆಸಿಕೊಳ್ಳಲಿಲ್ಲ. ಬಹಳ ಹೊತ್ತಾದ ಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡಿದರು.

“ನೀವು ಅವಳ ಕೈ ಹಿಡಿದು ನೋಡ್ಲೇ ಇಲ್ಲ ಅಲ್ವಾ?”

“ಬಿದ್ದ ಮೇಲೆ ಕತ್ತು ಮುಟ್ಟಿದೆ,” ಎಂದರು ಮೇಡಂ. “ಅದಕ್ಕೆ ಮುಂಚೆ ಇಲ್ಲ.”

“ಬನ್ನಿ ಇಲ್ಲಿ. ನೀವೂ ಕೈ ಕೊಡಿ.”

ಮೇಡಂ ಬಂದು ಬರೀ ನೆಲದ ಮೇಲೆ ಕೂತು ಅಂಗೈ ಚಾಚಿದರು. ಗುಬ್ಬಿಯ ಬೆರಳು ತಣ್ಣಗಿತ್ತು. ಒಂದು ಸಲ ತಟ್ಟಿದಳು. ಮೇಡಂ ಇನ್ನೊಂದಕ್ಕೆ ಕಾದರು. ಅದು ಬಂತು. ಮತ್ತೆ ಕಾದರು, ಮತ್ತೆ ಬಂತು. ಸಾಕು ಎಂದು ಕಂಡಕ್ಟರಮ್ಮ ಹೇಳಲಿಲ್ಲ. ಮೇಡಂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.